ಜಾವಾಗೆ ದುಡ್ಡು ಕೊಡಬೇಕಾ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ, ಸಾಫ್ಟ್‌ವೇರ್ ಬರೆಯಲು ಮತ್ತು ಓಡಿಸಲು ಬಳಸುವ ಜಾವಾದ್ದೇ ಜಾಸ್ತಿ. ಜಾವಾ ಹೆಸರಿನ ಒಡೆತನ ಇರುವ ಒರಾಕಲ್ ಕಂಪನಿಯ ಹಂಗಿಲ್ಲದೆ ಜಾವಾ ಬಳಸಬಹುದಾ ಅಂತ ಒಬ್ಬೊಬ್ಬರು ಒಂದೊಂದು ಕಡೆಯಿಂದ ಕೇಳಿದ್ದೀರಿ. ಬಳಸಬಹುದು, ಧಾರಾಳವಾಗಿ ಬಳಸಬಹುದು. ಆದರೆ ಎಲ್ಲಿಂದ ಇಳಿಸಿಕೊಂಡಿರಿ, ಅದರ ಲೈಸೆನ್ಸ್ ಏನು ಎಂದು ನೋಡುವ ಅಭ್ಯಾಸ ಬೇಕು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲದ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮದು ಚಿಕ್ಕ ಕಾರ್ಖಾನೆ, 40 ಜನ ಇದ್ದೇವೆ. ಸ್ಟಾಕ್ ಮತ್ತು ಬಿಲ್ಲಿಂಗ್‌ಗೆ ಜಾವಾದಲ್ಲಿ ಬರೆಸಿದ ಸಾಫ್ಟ್‌ವೇರ್ ಇದೆ. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯವರು ಒಂದು ಫಾರ್ಮ್ ಕಳಿಸಿ, ಯಾವ ಜಾವಾ ಬಳಸುತ್ತೀರಿ, ಲೈಸೆನ್ಸ್ ಇದೆಯಾ ಅಂತ ಕೇಳಿದ್ದಾರೆ. ಜಾವಾ ಫ್ರೀ ಅಲ್ವಾ? ಈಗ ದುಡ್ಡು ಕಟ್ಟಬೇಕಾ? — ಉದ್ಯಮಿಯೊಬ್ಬರು, ಪೀಣ್ಯ

ಉತ್ತರ: ಕಟ್ಟದೆ ನಡೆಸಬಹುದು. ಆದರೆ ಫಾರ್ಮ್‌ನಲ್ಲಿ ಸುಮ್ನೆ ಫ್ರೀ ಎಂದು ಬರೆದು ಕಳಿಸಿಬಿಡಬೇಡಿ. ನಿಮ್ಮ ಕಂಪ್ಯೂಟರುಗಳಲ್ಲಿ ಇರುವುದು ಯಾರು ಕಟ್ಟಿಕೊಟ್ಟ ಜಾವಾ ಎಂದು ಮೊದಲು ನೋಡಿ.

ಜಾವಾದ ಮೂಲ ಕೋಡ್ ಇರುವುದು ಓಪನ್‌ಜೆಡಿಕೆ ಎಂಬ ಯೋಜನೆಯಲ್ಲಿ. ಅದಕ್ಕೆ ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಇದೆ. ಯಾರು ಬೇಕಾದರೂ ಆ ಕೋಡ್ ತಗೊಂಡು, ಕಂಪೈಲ್ ಮಾಡಿ, ಇನ್‌ಸ್ಟಾಲರ್ ಕಟ್ಟಿ ಹಂಚಬಹುದು. ಎಕ್ಲಿಪ್ಸ್ ಫೌಂಡೇಶನ್ ಅಡಿಯಲ್ಲಿರುವ ಅಡಾಪ್ಟಿಯಂ ತಂಡ ಇದನ್ನು ಟೆಮುರಿನ್ ಎಂಬ ಹೆಸರಿನಲ್ಲಿ ಹಂಚುತ್ತದೆ. ಅಮೆಜಾನ್‌ನವರದು ಕೊರೆಟೊ, ಅಜುಲ್‌ನವರದು ಜುಲು. ಉಬುಂಟು, ಡೆಬಿಯನ್, ಫೆಡೋರಾ ಬಳಸುವವರಿಗೆ ಸಿಸ್ಟಮ್‌ನ ಪ್ಯಾಕೇಜ್‌ಗಳಲ್ಲೇ ಸಿಗುತ್ತದೆ. ಒರಾಕಲ್ ಕೂಡ ಅದೇ ಕೋಡ್‌ನಿಂದ ಒರಾಕಲ್ ಜೆಡಿಕೆ ಎಂಬ ತನ್ನ ಆವೃತ್ತಿ ಕಟ್ಟುತ್ತದೆ, ಆದರೆ ಅದಕ್ಕೆ ತನ್ನದೇ ಷರತ್ತು ಹಾಕುತ್ತದೆ. ತಲೆನೋವೆಲ್ಲ ಆ ಷರತ್ತಿನದು.

ಆ ಷರತ್ತು ಮತ್ತೆ ಮತ್ತೆ ಬದಲಾಗಿದೆ, ಜನ ಎಡವುವುದೂ ಅಲ್ಲೇ. ಒರಾಕಲ್‌ನ ಜಾವಾ 8ರಲ್ಲಿ 202ನೇ ಅಪ್‌ಡೇಟ್‌ವರೆಗೆ ಹಳೆಯ ಲೈಸೆನ್ಸ್ ಇತ್ತು, ಮಾಮೂಲಿ ಕಂಪ್ಯೂಟರ್ ಕೆಲಸಕ್ಕೆ ಕಂಪನಿಗಳೂ ದುಡ್ಡು ಕೊಡಬೇಕಿರಲಿಲ್ಲ. 2019ರ ಏಪ್ರಿಲ್‌ನಲ್ಲಿ 211ನೇ ಅಪ್‌ಡೇಟ್ ಬಂತು, ಲೈಸೆನ್ಸ್ ಬದಲಾಯಿತು, ವ್ಯಾಪಾರದ ಬಳಕೆಗೆ ಚಂದಾ ಬೇಕಾಯಿತು. ಎಂದಿನಂತೆ ಅಪ್‌ಡೇಟ್ ಒತ್ತಿದವರು, ಮಧ್ಯೆ ಬಂದ ಎಚ್ಚರಿಕೆ ಓದದೆ ಮುಂದೆ ಹೋದವರು, ಗೊತ್ತಿಲ್ಲದೆಯೇ ಹೊಸ ಷರತ್ತಿಗೆ ಒಪ್ಪಿದಂತಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಜಾವಾ 17 ಬಂದಾಗ ಒರಾಕಲ್ ಮತ್ತೆ ಕಂಪನಿಗಳಿಗೂ ಉಚಿತ ಎಂದಿತು. ಆ ಉಚಿತವೂ 2024ರ ಸೆಪ್ಟೆಂಬರ್‌ಗೆ ಮುಗಿಯಿತು, ಅದರ ನಂತರದ 17ರ ಅಪ್‌ಡೇಟ್‌ಗಳಿಗೆ ಮತ್ತೆ ಹಳೇ ಕಥೆ. ಜಾವಾ 21ಕ್ಕೆ ಈ ಗಡುವು 2026ರ ಸೆಪ್ಟೆಂಬರ್. ಒಂದೇ ಕಂಪನಿಯ ಒಂದೇ ವಸ್ತು, ಯಾವ ನಂಬರಿನದು, ಯಾವ ತಿಂಗಳಿನ ಅಪ್‌ಡೇಟ್ ಎನ್ನುವುದರ ಮೇಲೆ ಒಮ್ಮೆ ಬಿಟ್ಟಿ, ಒಮ್ಮೆ ದುಡ್ಡಿಗೆ. ಕಾರ್ಖಾನೆ ನಡೆಸುವವರು ಇದನ್ನೆಲ್ಲ ನೆನಪಿಟ್ಟುಕೊಂಡು ಕೂರಲು ಆಗುತ್ತದಾ?

ದುಡ್ಡು ಎಷ್ಟು ಅಂತಲೂ ತಿಳಿದಿರಲಿ. 2023ರ ಜನವರಿಯಿಂದ ಒರಾಕಲ್ ಹೊಸ ಲೆಕ್ಕ ತಂದಿದೆ. ಜಾವಾ ಬಳಸುವವರು ಎಷ್ಟು ಜನ ಎಂದು ಅದು ಕೇಳುವುದಿಲ್ಲ, ಕಂಪನಿಯ ಎಲ್ಲ ನೌಕರರ ತಲೆ ಎಣಿಸುತ್ತದೆ, ಪಾರ್ಟ್ ಟೈಮ್‌ನವರೂ ಸೇರಿ. ಸಾವಿರಕ್ಕಿಂತ ಕಡಿಮೆ ಜನ ಇರುವ ಕಂಪನಿಗೆ ಆಗ ಪ್ರಕಟಿಸಿದ ದರ ತಲೆಗೆ ತಿಂಗಳಿಗೆ 15 ಡಾಲರ್. ನಿಮ್ಮ 40 ಜನಕ್ಕೆ ತಿಂಗಳಿಗೆ 600 ಡಾಲರ್, ವರ್ಷಕ್ಕೆ 7,200 ಡಾಲರ್. ಬಿಲ್ಲಿಂಗ್ ಮುಂದೆ ಕೂರುವವರು ಇಬ್ಬರೇ ಇರಬಹುದು, ಆದರೂ ಲೇತ್ ಮುಂದೆ ನಿಂತವರನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ನನಗಂತೂ ಇದು ನ್ಯಾಯದ ಲೆಕ್ಕ ಅನಿಸುವುದಿಲ್ಲ.

ಈಗ ಕೆಲಸಕ್ಕೆ ಬರೋಣ. ಒಂದೊಂದೇ ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಜಾವಾ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಹೈಫನ್ ಹಾಕಿ ವರ್ಶನ್ ಎಂದು ಟೈಪ್ ಮಾಡಿ. ಮೂರು ಸಾಲು ಬರುತ್ತದೆ. ಎರಡನೇ ಸಾಲು ನೋಡಿ. ಅದು ಓಪನ್‌ಜೆಡಿಕೆ ರನ್‌ಟೈಮ್ ಎನ್ವಿರಾನ್ಮೆಂಟ್ ಎಂದು ಶುರುವಾದರೆ ನಿಶ್ಚಿಂತೆ. ಜಾವಾ, ಅದರ ಪಕ್ಕದಲ್ಲಿ ಕಂಸದೊಳಗೆ ಟಿಎಂ, ಆಮೇಲೆ ಎಸ್‌ಇ ರನ್‌ಟೈಮ್ ಎನ್ವಿರಾನ್ಮೆಂಟ್ ಎಂದಿದ್ದರೆ ಅದು ಒರಾಕಲ್‌ನದು. ಆಗ ಮೊದಲ ಸಾಲಿನಲ್ಲಿರುವ ಅಪ್‌ಡೇಟ್ ನಂಬರ್ ಬರೆದುಕೊಳ್ಳಿ. ಇಷ್ಟಕ್ಕೇ ನಿಲ್ಲಿಸಬೇಡಿ. ಒಂದೇ ಕಂಪ್ಯೂಟರ್‌ನಲ್ಲಿ ಎರಡು ಮೂರು ಜಾವಾ ಅಡಗಿರುತ್ತವೆ, ಕಮಾಂಡ್ ತೋರಿಸುವುದು ಒಂದನ್ನು ಮಾತ್ರ. ಸಿ ಡ್ರೈವ್ ಪೂರ್ತಿ ಜಾವಾ ಡಾಟ್ ಇಎಕ್ಸ್‌ಇ ಎಂದು ಹುಡುಕಿ, ಸಿಕ್ಕಿದ ಪ್ರತಿ ಫೋಲ್ಡರ್ ನೋಡಿ. ಬೇರೆ ಕಂಪನಿಯ ಸಾಫ್ಟ್‌ವೇರ್ ತನ್ನ ಜೊತೆಗೇ ಜಾವಾ ತಂದಿದ್ದರೆ ಅದರ ಲೈಸೆನ್ಸ್ ಯಾರ ಜವಾಬ್ದಾರಿ ಎಂದು ಆ ಕಂಪನಿಯಿಂದ ಬರಹದಲ್ಲೇ ಕೇಳಿ ಇಟ್ಟುಕೊಳ್ಳಿ.

ಒರಾಕಲ್‌ನದನ್ನು ತೆಗೆದು ಅದೇ ನಂಬರಿನ ಟೆಮುರಿನ್ ಹಾಕಿ. 8 ಇದ್ದರೆ 8, 17 ಇದ್ದರೆ 17. ಒಂದೇ ದಿನ ಹೊಸ ನಂಬರಿಗೂ ಹಾರಬೇಡಿ, ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ. ಎರಡು ಕಡೆ ಹುಷಾರಾಗಿರಬೇಕು. ಒರಾಕಲ್‌ನ ಜಾವಾ 8ರ ಹಳೆಯ ಅಪ್‌ಡೇಟ್‌ಗಳ ಒಳಗೆ ಪರದೆ ಕಟ್ಟುವ ಜಾವಾಎಫ್‌ಎಕ್ಸ್ ಲೈಬ್ರರಿ ಇರುತ್ತಿತ್ತು, ಟೆಮುರಿನ್ 8ರಲ್ಲಿ ಇರುವುದಿಲ್ಲ. ನಿಮ್ಮ ಬಿಲ್ಲಿಂಗ್ ಪರದೆ ಜಾವಾಎಫ್‌ಎಕ್ಸ್‌ನಲ್ಲಿ ಬರೆದಿದ್ದರೆ ಅದನ್ನು ಸೇರಿಸಿ ಕೊಡುವ ಲಿಬೆರಿಕಾ ಅಥವಾ ಜುಲು ಆವೃತ್ತಿ ಹಾಕಿಕೊಳ್ಳಿ. ಬ್ರೌಸರ್‌ನಲ್ಲಿ ಕೊಂಡಿ ಒತ್ತಿದರೆ ತೆರೆದುಕೊಳ್ಳುವ ಹಳೇ ವೆಬ್ ಸ್ಟಾರ್ಟ್ ಸಾಫ್ಟ್‌ವೇರ್ ಆದರೆ ಓಪನ್‌ವೆಬ್‌ಸ್ಟಾರ್ಟ್ ಬೇಕಾಗುತ್ತದೆ. ಉಳಿದಂತೆ ನಿಮ್ಮ ಕೋಡ್‌ನ ಒಂದು ಸಾಲನ್ನೂ ಮುಟ್ಟಬೇಕಾಗುವುದು ಅಪರೂಪ. ಒಂದು ಕಂಪ್ಯೂಟರ್‌ನಲ್ಲಿ ಹಾಕಿ, ತಿಂಗಳ ಕೊನೆಯ ಬಿಲ್ಲಿಂಗ್ ಒಂದು ಸಲ ಸರಿಯಾಗಿ ಮುಗಿಯುವುದನ್ನು ನೋಡಿ, ಆಮೇಲೆ ಉಳಿದವಕ್ಕೆ ಹಾಕಿ.

ಜಿಪಿಎಲ್ ಎಂದಕೂಡಲೇ ನಮ್ಮ ಬಿಲ್ಲಿಂಗ್ ಕೋಡನ್ನೂ ಊರಿಗೆಲ್ಲ ಹಂಚಬೇಕಾ ಎಂದು ಗಾಬರಿ ಬೀಳುವವರಿದ್ದಾರೆ. ಹಂಚಬೇಕಾಗಿಲ್ಲ. ಓಪನ್‌ಜೆಡಿಕೆ ಲೈಸೆನ್ಸ್‌ನಲ್ಲಿ ಕ್ಲಾಸ್‌ಪಾತ್ ವಿನಾಯಿತಿ ಎಂಬ ಒಂದು ಕಲಮು ಇದೆ. ಜಾವಾದ ಲೈಬ್ರರಿಗಳನ್ನು ಬಳಸಿ ನೀವು ಬರೆದದ್ದು ನಿಮ್ಮದೇ, ಅದಕ್ಕೆ ನಿಮಗೆ ಬೇಕಾದ ಲೈಸೆನ್ಸ್ ಹಾಕಿಕೊಳ್ಳಿ ಎನ್ನುತ್ತದೆ ಅದು. ಎಲ್ಲ ಬದಲಾಯಿಸಿದ ಮೇಲೆ ಫಾರ್ಮ್‌ನಲ್ಲಿ ಹೀಗೆ ಬರೆಯಿರಿ: ಎಕ್ಲಿಪ್ಸ್ ಟೆಮುರಿನ್ 8, ಜಿಪಿಎಲ್ ಆವೃತ್ತಿ 2, ಕ್ಲಾಸ್‌ಪಾತ್ ವಿನಾಯಿತಿ ಸಹಿತ. ಹಿಂದೆ 211 ಅಥವಾ ಅದರಾಚೆಯ ಅಪ್‌ಡೇಟ್ ಬಳಸಿದ್ದು ಕಂಡುಬಂದರೆ, ಆ ಬಗ್ಗೆ ಯಾರಿಗೂ ಉತ್ತರ ಕೊಡುವ ಮೊದಲು ಒಬ್ಬ ವಕೀಲರನ್ನು ಕೇಳಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಲ್ಯಾಪ್‌ಟಾಪ್‌ಗೆ ಓಪನ್‌ಜೆಡಿಕೆ ಹಾಕಿಕೊಂಡಿದ್ದೆ. ಕೋಚಿಂಗ್‌ನಲ್ಲಿ ಅದು ಡೂಪ್ಲಿಕೇಟ್, ಒರಿಜಿನಲ್ ಹಾಕು, ಇಲ್ಲದಿದ್ದರೆ ಇಂಟರ್‌ವ್ಯೂನಲ್ಲಿ ತೊಂದರೆ ಆಗುತ್ತೆ ಅಂದರು. ನಿಜವಾ? — ವಿದ್ಯಾರ್ಥಿನಿ, ಬಿಟಿಎಂ ಲೇಔಟ್

ಉತ್ತರ: ನಿಜ ಅಲ್ಲ. 2011ರಲ್ಲಿ ಬಂದ ಜಾವಾ 7ರಿಂದ ಓಪನ್‌ಜೆಡಿಕೆಯೇ ಜಾವಾದ ಅಧಿಕೃತ ಮಾದರಿ ಅನುಷ್ಠಾನ. ಜಾವಾ ಹೇಗೆ ನಡೆದುಕೊಳ್ಳಬೇಕು ಎಂಬ ಬರಹದ ನಿಯಮಕ್ಕೆ ಜೊತೆಯಾಗಿ ತೋರಿಸುವುದು ಅದೇ ಕೋಡನ್ನು. ಫ್ಲೈಟ್ ರೆಕಾರ್ಡರ್‌ನಂಥ ಕೆಲವು ಸೌಲಭ್ಯ ಮೊದಲು ಒರಾಕಲ್‌ನ ದುಡ್ಡಿನ ಆವೃತ್ತಿಯಲ್ಲಿ ಮಾತ್ರ ಇದ್ದವು. 2018ರಲ್ಲಿ ಜಾವಾ 11 ಬರುವ ಹೊತ್ತಿಗೆ ಅವೂ ಓಪನ್‌ಜೆಡಿಕೆಗೆ ಬಂದವು. ಇವತ್ತು ನೀವು ಬರೆಯುವ ಲೂಪು, ಕ್ಲಾಸು, ಥ್ರೆಡ್ಡು ಎರಡರಲ್ಲೂ ಒಂದೇ ಥರ ಓಡುತ್ತದೆ. ಇಂಟರ್‌ವ್ಯೂ ಮಾಡುವವರು ಕೇಳುವುದು ಹ್ಯಾಶ್‌ಮ್ಯಾಪ್ ಒಳಗೆ ಹೇಗೆ ಕೆಲಸ ಮಾಡುತ್ತದೆ ಅಂತ, ಜಾವಾ ಎಲ್ಲಿಂದ ಇಳಿಸಿಕೊಂಡಿರಿ ಅಂತಲ್ಲ.

ಒಂದು ಮಾತು ಸೇರಿಸಬೇಕು. ಕಲಿಯುವುದಕ್ಕೆ, ಸ್ವಂತ ಅಭ್ಯಾಸಕ್ಕೆ ಒರಾಕಲ್ ಜೆಡಿಕೆ ಬಳಸಿದರೂ ದುಡ್ಡು ಕೇಳುವುದಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ಕಾಲೇಜಿನಲ್ಲಿ ಒತ್ತಿದ ಡೌನ್‌ಲೋಡ್ ಬಟನ್ ಕೈಗೆ ಅಭ್ಯಾಸವಾಗಿರುತ್ತದೆ, ಕೆಲಸಕ್ಕೆ ಸೇರಿದ ವಾರದಲ್ಲೇ ಕಂಪನಿಯ ಸರ್ವರ್‌ಗೂ ಅದನ್ನೇ ಹಾಕಿಬಿಡುತ್ತೀರಿ. ಹಾಗಾಗಿ ಈಗಿನಿಂದಲೇ ಓಪನ್‌ಜೆಡಿಕೆ ಬಳಸಿ. ಕಲಿಸುವವರಿಗೂ ಇದು ನನ್ನ ವಿನಂತಿ: ಲ್ಯಾಬ್‌ನ ಮೊದಲ ದಿನ ಇನ್‌ಸ್ಟಾಲ್ ಮಾಡಿಸುವಾಗ ಹತ್ತು ನಿಮಿಷ ಲೈಸೆನ್ಸ್ ಬಗ್ಗೆ ಹೇಳಿ. ಅದೂ ಪಾಠವೇ.

ಪ್ರಶ್ನೆ: ನಮ್ಮ ಸಹಕಾರ ಸಂಘಕ್ಕೆ ಕನ್ನಡದಲ್ಲಿ ರಸೀದಿ ಪಿಡಿಎಫ್ ಮಾಡುವ ಜಾವಾ ಸಾಫ್ಟ್‌ವೇರ್ ಬರೆದಿದ್ದೇನೆ. ಆಫೀಸಿನ ವಿಂಡೋಸ್ ಕಂಪ್ಯೂಟರ್‌ನಲ್ಲಿ ಒರಾಕಲ್ ಜಾವಾ 8ರಲ್ಲಿ ಓಡುತ್ತಿತ್ತು. ಮೊನ್ನೆ ಲಿನಕ್ಸ್ ಸರ್ವರ್‌ನಲ್ಲಿ ಡಾಕರ್ ಒಳಗೆ ಓಪನ್‌ಜೆಡಿಕೆ 17 ಹಾಕಿದೆ. ಕನ್ನಡದ ಜಾಗದಲ್ಲೆಲ್ಲ ಚೌಕಾಕಾರದ ಡಬ್ಬಿಗಳು ಬರುತ್ತಿವೆ. ಓಪನ್ ಜಾವಾಗೆ ಕನ್ನಡ ಬರಲ್ವಾ? — ಪ್ರೋಗ್ರಾಮರ್, ಮಲ್ಲೇಶ್ವರ

ಉತ್ತರ: ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಈ ಪ್ರಶ್ನೆ ಕಂಡು ನನಗೆ ಖುಷಿಯಾಯಿತು. ಕನ್ನಡದ ರಸೀದಿ ಕೆಟ್ಟರೆ ಅದಕ್ಕೆ ಉತ್ತರ ಇಂಗ್ಲಿಷ್ ಪುಸ್ತಕಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ನೀವು ಒಂದೇ ಸಲ ಮೂರು ವಿಷಯ ಬದಲಾಯಿಸಿದ್ದೀರಿ: ಜಾವಾ ಕಟ್ಟಿದವರು, ಜಾವಾ ನಂಬರ್, ಆಪರೇಟಿಂಗ್ ಸಿಸ್ಟಮ್. ಡಬ್ಬಿಗಳಿಗೆ ಕಾರಣ ಮೂರನೆಯದು. ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಹಳೆಯ ವಿಂಡೋಸ್ ಆದರೆ ತುಂಗಾ, ಹೀಗೆ ಕನ್ನಡ ಬಲ್ಲ ಫಾಂಟುಗಳು ಸಿಸ್ಟಮ್ ಜೊತೆಗೇ ಇರುತ್ತವೆ, ಜಾವಾ ಅವನ್ನು ಹುಡುಕಿ ಬಳಸಿಕೊಳ್ಳುತ್ತಿತ್ತು. ಸಾಫ್ಟ್‌ವೇರನ್ನು ಪ್ರತ್ಯೇಕವಾಗಿ ಕಟ್ಟಿ ಓಡಿಸುವ ಡಾಕರ್‌ನ ಚಿಕ್ಕ ಲಿನಕ್ಸ್ ಇಮೇಜ್‌ನಲ್ಲಿ, ಅಂದರೆ ಮೊದಲೇ ಕಟ್ಟಿಟ್ಟ ಸಿಸ್ಟಮ್‌ನಲ್ಲಿ, ಸಾಮಾನ್ಯವಾಗಿ ಕನ್ನಡದ ಒಂದು ಫಾಂಟೂ ಇರುವುದಿಲ್ಲ, ಕೆಲವದರಲ್ಲಿ ಯಾವ ಭಾಷೆಯ ಫಾಂಟೂ ಇರುವುದಿಲ್ಲ. ಅಕ್ಷರದ ಚಿತ್ರ ಸಿಗದಿದ್ದಾಗ ಜಾವಾ ಡಬ್ಬಿ ಬರೆಯುತ್ತದೆ. ಅಲ್ಲಿ ಒರಾಕಲ್ ಜೆಡಿಕೆ ಇದ್ದರೂ ಇದೇ ಆಗುತ್ತಿತ್ತು. ಡೆಬಿಯನ್ ಆಧಾರದ ಇಮೇಜ್ ಆದರೆ ಡಾಕರ್‌ಫೈಲ್‌ನಲ್ಲಿ ಫಾಂಟ್‌ಕಾನ್ಫಿಗ್ ಪ್ಯಾಕೇಜನ್ನೂ ಕನ್ನಡದ ಲೋಹಿತ್, ನವಿಲು ಅಥವಾ ಗುಬ್ಬಿ ಫಾಂಟಿನ ಪ್ಯಾಕೇಜನ್ನೂ ಸೇರಿಸಿ. ನೋಟೋ ಸಾನ್ಸ್ ಕನ್ನಡ ಆದರೂ ಸರಿ. ಎಲ್ಲವೂ ಮುಕ್ತ ಲೈಸೆನ್ಸಿನವು. ನನ್ನ ಸಲಹೆ ಕೇಳಿದರೆ, ಸಿಸ್ಟಮ್ ನಂಬಿ ಕೂರದೆ ಫಾಂಟ್ ಫೈಲನ್ನು ನಿಮ್ಮ ಸಾಫ್ಟ್‌ವೇರ್ ಒಳಗೇ ಇಟ್ಟುಕೊಂಡು ಲೋಡ್ ಮಾಡಿಕೊಳ್ಳಿ. ಎಲ್ಲಿ ಓಡಿಸಿದರೂ ರಸೀದಿ ಒಂದೇ ಥರ ಬರುತ್ತದೆ.

ಡಬ್ಬಿ ಹೋದ ಮೇಲೆ ಇನ್ನೊಂದು ತೊಂದರೆ ಎದುರಾಗಬಹುದು, ಈಗಲೇ ಹೇಳಿಬಿಡುತ್ತೇನೆ. ಅಕ್ಷರ ಬರುತ್ತದೆ, ಆದರೆ ಒತ್ತಕ್ಷರ ಒಡೆದುಹೋಗಿರುತ್ತದೆ. ಕರ್ನಾಟಕ ಎಂಬ ಪದ ಕರ್‌ನಾಟಕ ಆಗಿರುತ್ತದೆ, ಅರ್ಕಾವೊತ್ತು ನಾ ಆದಮೇಲೆ ಬರುವ ಬದಲು ನಾಕ್ಕಿಂತ ಮುಂಚೆಯೇ ರ್ ಎಂಬ ಅರ್ಧಾಕ್ಷರವಾಗಿ ಕೂತಿರುತ್ತದೆ. ಇದು ಫಾಂಟ್ ಇಲ್ಲದ್ದರಿಂದ ಆದದ್ದಲ್ಲ, ಅಕ್ಷರ ಜೋಡಿಸುವ ಕೆಲಸ ನಡೆಯದೆ ಆದದ್ದು. ಪರದೆಯ ಮೇಲೆ ಬರೆಯುವಾಗ ಜಾವಾ ಈ ಜೋಡಣೆಯನ್ನು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿಯಿಂದ ಮಾಡಿಸುತ್ತದೆ, 2017ರ ಜಾವಾ 9ರಿಂದ ಹೀಗಿದೆ. ಆದರೆ ಪಿಡಿಎಫ್ ಬರೆಯುವ ಲೈಬ್ರರಿಗಳು ಎಷ್ಟೋ ಸಲ ಆ ದಾರಿಗೆ ಹೋಗದೆ ಒಂದು ಅಕ್ಷರದ ಪಕ್ಕ ಇನ್ನೊಂದನ್ನು ತಾವೇ ಇಡುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಸಾಲದು. ಓಪನ್‌ಪಿಡಿಎಫ್ ಎಂಬ ಲೈಬ್ರರಿಯಲ್ಲಿ ಲೇಔಟ್‌ಪ್ರೊಸೆಸರ್ ಎಂಬ ಕ್ಲಾಸ್ ಇದೆ. ಅದನ್ನು ಚಾಲೂ ಮಾಡಿದರೆ ಜೋಡಣೆಗೆ ಜಾವಾದ ಒಳಗಿನ ವ್ಯವಸ್ಥೆಯನ್ನೇ ಬಳಸುತ್ತದೆ. ಅದನ್ನು ಹಾಕಿ ಶ್ರೀ, ಸ್ತ್ರೀ, ರಾಷ್ಟ್ರ, ಕರ್ನಾಟಕ, ಲಕ್ಷ್ಮಿ ಈ ಐದು ಪದ ಮುದ್ರಿಸಿ ನೋಡಿ. ಐದೂ ಸರಿಯಾಗಿ ಬಂದರೆ ರಸೀದಿ ಬಗ್ಗೆ ಬಹುಮಟ್ಟಿಗೆ ಧೈರ್ಯವಾಗಿರಬಹುದು.

ಅಂದಹಾಗೆ ಓಪನ್‌ಪಿಡಿಎಫ್ ಹುಟ್ಟಿದ್ದೂ ಲೈಸೆನ್ಸ್ ಬದಲಾವಣೆಯಿಂದಲೇ. ಐಟೆಕ್ಸ್ಟ್ ಎಂಬ ಹೆಸರುವಾಸಿ ಲೈಬ್ರರಿ 2009ರಲ್ಲಿ 5ನೇ ಆವೃತ್ತಿಗೆ ಹೋಗುವಾಗ ಎಜಿಪಿಎಲ್ ಎಂಬ ಬಿಗಿ ಷರತ್ತಿನ ಮುಕ್ತ ಲೈಸೆನ್ಸ್ ಹಾಕಿತು, ಅದನ್ನು ಪಾಲಿಸಲು ಆಗದವರು ದುಡ್ಡು ಕೊಡಬೇಕಾಯಿತು. ಅದಕ್ಕೂ ಹಿಂದಿನ 4ನೇ ಆವೃತ್ತಿಯ ಕೋಡ್ ಹಳೆಯ ಉದಾರ ಲೈಸೆನ್ಸ್‌ನಲ್ಲೇ ಉಳಿದಿತ್ತು. ಜನ ಅದನ್ನು ಎತ್ತಿಕೊಂಡು ಮುಂದುವರಿಸಿದರು.

ಪ್ರಶ್ನೆ: ನಾನು ನಿವೃತ್ತ, ಕಂಪ್ಯೂಟರ್ ಬಗ್ಗೆ ಆಸಕ್ತಿ ಇದೆ. ನಿಮ್ಮ ಮಾತೆಲ್ಲ ಸರಿ, ಆದರೆ ಓಪನ್‌ಜೆಡಿಕೆಗೆ ಜಾಸ್ತಿ ಕೋಡ್ ಬರೆಯುವವರೂ ಒರಾಕಲ್‌ನವರೇ ಅಂತೆ. ನಾಳೆ ಅವರು ಬಾಗಿಲು ಹಾಕಿದರೆ? — ಹಿರಿಯ ಓದುಗರು, ಬಸವನಗುಡಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಜಾಸ್ತಿ ಕೆಲಸ ಒರಾಕಲ್ ನೌಕರರೇ ಮಾಡುವುದು ನಿಜ. ರೆಡ್ ಹ್ಯಾಟ್, ಸ್ಯಾಪ್, ಅಮೆಜಾನ್, ಐಬಿಎಂನವರೂ ಕೈ ಹಚ್ಚಿದ್ದಾರೆ, ಆದರೆ ಅರ್ಧಕ್ಕಿಂತ ಹೆಚ್ಚು ಭಾರ ಹೊತ್ತಿರುವುದು ಒರಾಕಲ್. ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ.

ಆದರೆ ಬಾಗಿಲು ಹಾಕಲು ಆಗುವುದಿಲ್ಲ. ಜಿಪಿಎಲ್‌ನಲ್ಲಿ ಒಮ್ಮೆ ಕೊಟ್ಟ ಕೋಡನ್ನು ವಾಪಸ್ ತಗೊಳ್ಳುವ ದಾರಿ ಇಲ್ಲ. ನಾಳೆಯಿಂದ ಬರೆಯುವುದನ್ನು ಒರಾಕಲ್ ಬಚ್ಚಿಟ್ಟುಕೊಳ್ಳಬಹುದು, ಇವತ್ತಿನವರೆಗೆ ಕೊಟ್ಟದ್ದು ಎಲ್ಲರ ಹತ್ತಿರವೂ ಇದೆ.

ಇದು ಸುಮ್ನೆ ಬಂದದ್ದಲ್ಲ, ಅದನ್ನು ಕಿರಿಯರಿಗೆ ಹೇಳಬೇಕು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಜಾವಾ ಹೊರತಂದಾಗ ಅದು ಬಿಟ್ಟಿಯಾಗಿ ಸಿಗುತ್ತಿತ್ತು, ಮುಕ್ತವಾಗಿರಲಿಲ್ಲ, ಅಂದರೆ ಕೋಡನ್ನು ತಿದ್ದಿ ಹಂಚುವ ಹಾಗಿರಲಿಲ್ಲ. ಮುಕ್ತ ತಂತ್ರಾಂಶದವರು 1998ರಲ್ಲೇ ಗ್ನು ಕ್ಲಾಸ್‌ಪಾತ್ ಎಂದು ಶುರುಮಾಡಿ, ಜಾವಾದ ಲೈಬ್ರರಿಗಳನ್ನು ಸನ್‌ನ ಕೋಡ್ ನೋಡದೆ ಒಂದೊಂದಾಗಿ ಹೊಸದಾಗಿ ಬರೆಯುತ್ತಾ ಹೋದರು. 2005ರಲ್ಲಿ ಅಪಾಚೆ ಸಂಸ್ಥೆ ಹಾರ್ಮನಿ ಎಂಬ ಇನ್ನೊಂದು ಯೋಜನೆ ತಂದಿತು. ಈ ಒತ್ತಡವೆಲ್ಲ ಸೇರಿ 2006ರ ನವೆಂಬರ್‌ನಲ್ಲಿ ಸನ್ ಜಾವಾವನ್ನು ಜಿಪಿಎಲ್ ಅಡಿ ಬಿಡುತ್ತೇನೆ ಎಂದಿತು. 2007ರ ಮೇ ತಿಂಗಳಲ್ಲಿ ಬಹುಪಾಲು ಕೋಡ್ ಬಂತು, ಆದರೆ ಬೇರೆಯವರಿಂದ ಸನ್ ಪಡೆದಿದ್ದ ಕೆಲವು ತುಂಡುಗಳು ಬರಲಿಲ್ಲ. ಫಾಂಟ್ ಬಿಡಿಸುವ ಭಾಗ ಅದರಲ್ಲೊಂದು. ಆಗ ರೆಡ್ ಹ್ಯಾಟ್‌ನವರು ಐಸ್ಡ್‌ಟೀ ಎಂಬ ಯೋಜನೆ ಮಾಡಿ, ಖಾಲಿ ಬಿಟ್ಟ ಜಾಗಗಳಿಗೆ ಗ್ನು ಕ್ಲಾಸ್‌ಪಾತ್‌ನ ತುಂಡುಗಳನ್ನು ಹೊಂದಿಸಿ, 2008ರ ಜೂನ್‌ನಲ್ಲಿ ಫೆಡೋರಾದ ಓಪನ್‌ಜೆಡಿಕೆಯನ್ನು ಅಧಿಕೃತ ಪರೀಕ್ಷೆಯಲ್ಲಿ ಪಾಸು ಮಾಡಿಸಿದರು. ಮಲ್ಲೇಶ್ವರದ ಓದುಗರು ಇವತ್ತು ಲೋಹಿತ್ ಫಾಂಟಿನಲ್ಲಿ ರಸೀದಿ ಮಾಡುವಾಗ ಆ ಕೆಲಸದ ಮೇಲೇ ನಿಂತಿದ್ದಾರೆ.

2010ರ ಜನವರಿಯಲ್ಲಿ ಒರಾಕಲ್ ಸನ್ ಕಂಪನಿಯನ್ನು ಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಆಂಡ್ರಾಯ್ಡ್‌ನಲ್ಲಿ ಜಾವಾದ ಎಪಿಐ, ಅಂದರೆ ಲೈಬ್ರರಿಗಳನ್ನು ಕರೆಯುವ ಹೆಸರು ಮತ್ತು ಕ್ರಮಗಳನ್ನು, ಬಳಸಿದ್ದಕ್ಕೆ ಗೂಗಲ್ ಮೇಲೆ ಕೇಸು ಹಾಕಿತು. ಆ ಕೇಸು ಮುಗಿದದ್ದು 2021ರ ಏಪ್ರಿಲ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟ್ 6-2 ಬಹುಮತದಲ್ಲಿ ಗೂಗಲ್ ಮಾಡಿದ್ದು ನ್ಯಾಯಸಮ್ಮತ ಬಳಕೆ ಎಂದು ತೀರ್ಪು ಕೊಟ್ಟಾಗ. ಹಾರ್ಮನಿಗೆ ಮಾತ್ರ ಆ ಅದೃಷ್ಟ ಇರಲಿಲ್ಲ. ಜಾವಾ ಎಂದು ಕರೆಸಿಕೊಳ್ಳಬೇಕಾದರೆ ಪಾಸಾಗಬೇಕಾದ ಟಿಸಿಕೆ ಎಂಬ ಪರೀಕ್ಷೆಯನ್ನು ಅಪಾಚೆ ಒಪ್ಪುವ ಷರತ್ತಿನಲ್ಲಿ ಸನ್ ಕೊಡಲಿಲ್ಲ, ಒರಾಕಲ್ಲೂ ಕೊಡಲಿಲ್ಲ. ಅಪಾಚೆ 2010ರ ಡಿಸೆಂಬರ್‌ನಲ್ಲಿ ಜಾವಾದ ನಿಯಮ ರೂಪಿಸುವ ಸಮಿತಿಗೆ ರಾಜೀನಾಮೆ ಕೊಟ್ಟು ಹೊರಬಂತು. ಮರುವರ್ಷ ಹಾರ್ಮನಿ ನಿಂತುಹೋಯಿತು.

ಹಾಗಾಗಿ ನಿಮ್ಮ ಆತಂಕ ಪೂರ್ತಿ ಸುಳ್ಳಲ್ಲ. ಕೋಡ್ ನಮ್ಮದು, ಆದರೆ ಜಾವಾ ಎಂಬ ಹೆಸರು ಒರಾಕಲ್‌ನದು. ಟಿಸಿಕೆ ಪರೀಕ್ಷೆಯ ಬೀಗದ ಕೈ ಕೂಡ ಒರಾಕಲ್‌ನದೇ. ಹೆಸರು ಕೈಲಿದ್ದರೆ ಏನಾಗುತ್ತದೆ ಎಂದು ಬೆಂಗಳೂರಿನ ಪ್ರೋಗ್ರಾಮರುಗಳು ಕಣ್ಣಾರೆ ಕಂಡಿದ್ದಾರೆ. ಕಂಪನಿಗಳ ಸರ್ವರ್ ಸಾಫ್ಟ್‌ವೇರ್‌ಗೆ ಬಳಸುವ ಜಾವಾ ಇಇ ಎಂಬ ಭಾಗವನ್ನು ಒರಾಕಲ್ 2017ರಲ್ಲಿ ಎಕ್ಲಿಪ್ಸ್ ಫೌಂಡೇಶನ್‌ಗೆ ಕೊಟ್ಟಿತು, ಹೆಸರು ಮಾತ್ರ ಕೊಡಲಿಲ್ಲ. ಹೊಸ ಹೆಸರು ಜಕಾರ್ತಾ ಇಇ ಎಂದಾಯಿತು. ಜಾವಾಎಕ್ಸ್ ಎಂದು ಶುರುವಾಗುವ ಪ್ಯಾಕೇಜುಗಳನ್ನು ಅದೇ ಹೆಸರಲ್ಲಿ ಬೆಳೆಸುವ ಹಾಗಿಲ್ಲ ಎಂದಾಗಿ 2020ರ ಜಕಾರ್ತಾ ಇಇ 9ರಲ್ಲಿ ಎಲ್ಲವನ್ನೂ ಜಕಾರ್ತಾ ಎಂದು ತಿದ್ದಿದರು. ಅದನ್ನು ಬಳಸುವ ಸರ್ವರ್ ಸಾಧನಗಳಾದ ಟಾಮ್‌ಕ್ಯಾಟ್ 10, ಸ್ಪ್ರಿಂಗ್ ಬೂಟ್ 3ಕ್ಕೆ ಹೋದವರೆಲ್ಲ ತಮ್ಮ ಕೋಡ್‌ನ ಇಂಪೋರ್ಟ್ ಸಾಲುಗಳಲ್ಲಿ ಜಾವಾಎಕ್ಸ್ ಅಳಿಸಿ ಜಕಾರ್ತಾ ಬರೆಯಬೇಕಾಯಿತು. ಕೆಲಸದ ದೃಷ್ಟಿಯಿಂದ ಅದರಲ್ಲಿ ಒಂದು ಹೊಸ ಗುಣವೂ ಇರಲಿಲ್ಲ, ಹೆಸರು ಬೇರೆಯವರದ್ದು ಎಂಬ ಒಂದೇ ಕಾರಣ.

ಇಷ್ಟಾದರೂ ನನಗೆ ಧೈರ್ಯ ಇದೆ. ಸನ್ ಜೊತೆಗೆ ಒರಾಕಲ್‌ಗೆ ಹೋದ ಬೇರೆ ಯೋಜನೆಗಳನ್ನೂ ನೋಡಿ. ಓಪನ್‌ಆಫೀಸ್ ಬಿಟ್ಟು ಬಂದವರು 2010ರಲ್ಲಿ ಲಿಬ್ರೆಆಫೀಸ್ ಕಟ್ಟಿದರು. ಕೋಡ್ ಕಟ್ಟಿ ಪರೀಕ್ಷಿಸುವ ಸಾಧನ ಹಡ್ಸನ್‌ನ ಹೆಸರಿನ ಜಗಳದಲ್ಲಿ 2011ರಲ್ಲಿ ಜೆಂಕಿನ್ಸ್ ಹುಟ್ಟಿತು. ಮೈಎಸ್‌ಕ್ಯುಎಲ್ ಡೇಟಾಬೇಸ್‌ನಿಂದ ಮರಿಯಾಡಿಬಿ ಬಂತು. ಜೆಂಕಿನ್ಸ್ ಈಗ ಎಲ್ಲ ಕಡೆ ಇದೆ, ಹಡ್ಸನ್ ಹೆಸರು ಹೊಸಬರಿಗೆ ಗೊತ್ತೇ ಇಲ್ಲ.

ಪ್ರಶ್ನೆ: ಟೆಮುರಿನ್, ಕೊರೆಟೊ, ಜುಲು, ಲಿಬೆರಿಕಾ, ಮೈಕ್ರೋಸಾಫ್ಟ್‌ನದು ಬೇರೆ. ಯಾವುದು ಹಾಕಲಿ? — ಸಿಸ್ಟಮ್ ಅಡ್ಮಿನ್, ವೈಟ್‌ಫೀಲ್ಡ್

ಉತ್ತರ: ಲಿನಕ್ಸ್ ಸರ್ವರ್ ಆದರೆ ಅದರ ಪ್ಯಾಕೇಜಿನಲ್ಲೇ ಬರುವ ಓಪನ್‌ಜೆಡಿಕೆ. ಉಳಿದ ಕಡೆ ಟೆಮುರಿನ್, ಅದು ಒಂದೇ ಕಂಪನಿಯ ಕೈಯಲ್ಲಿಲ್ಲ ಎಂಬ ಕಾರಣಕ್ಕೆ. ಅಮೆಜಾನ್ ಕ್ಲೌಡ್‌ನಲ್ಲೇ ಇದ್ದರೆ ಕೊರೆಟೊ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಸುಲಭ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಭದ್ರತೆಯ ಅಪ್‌ಡೇಟ್ ಬರುತ್ತದೆ. ಅದನ್ನು ತಪ್ಪಿಸಬೇಡಿ. ಒರಾಕಲ್ ಭಯಕ್ಕೆ 202ನೇ ಅಪ್‌ಡೇಟ್‌ನಲ್ಲೇ ಕೂತಿರುವವರು 2019ರ ಆಮೇಲೆ ಸಿಕ್ಕ ಎಲ್ಲ ತೂತುಗಳನ್ನೂ ತೆರೆದಿಟ್ಟುಕೊಂಡೇ ಕೂತಿದ್ದಾರೆ.

ಪ್ರಶ್ನೆ: ಜಾವಾ ಸಹವಾಸ ಬಿಟ್ಟು ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ಗೆ ಹೋದರೆ? ಅವರ ಎಡಿಟರ್ ವಿಎಸ್ ಕೋಡ್ ಹೇಗೂ ಓಪನ್ ಸೋರ್ಸ್. — ಡೆವಲಪರ್, ಜಯನಗರ

ಉತ್ತರ: ಡಾಟ್‌ನೆಟ್ ಈಗ ಎಂಐಟಿ ಎಂಬ ಉದಾರ ಮುಕ್ತ ಲೈಸೆನ್ಸ್‌ನಲ್ಲಿದೆ, ಒಳ್ಳೆಯ ಪ್ಲಾಟ್‌ಫಾರ್ಮ್. ಆದರೆ ಅಲ್ಲೂ ಒಬ್ಬ ಯಜಮಾನ ಇದ್ದಾನೆ. 2021ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್, ಸಾಫ್ಟ್‌ವೇರ್ ಓಡುತ್ತಿರುವಾಗಲೇ ಕೋಡ್ ತಿದ್ದಲು ಬಿಡುವ ಹಾಟ್ ರಿಲೋಡ್ ಸೌಲಭ್ಯವನ್ನು ಮುಕ್ತ ಕಮಾಂಡ್ ಲೈನ್‌ನಿಂದ ಕೊನೇ ಗಳಿಗೆಯಲ್ಲಿ ತೆಗೆದು ವಿಶುವಲ್ ಸ್ಟುಡಿಯೋಗೆ ಮಾತ್ರ ಇಟ್ಟುಕೊಳ್ಳಲು ಹೋಯಿತು. ಡೆವಲಪರುಗಳು ಗಲಾಟೆ ಮಾಡಿದ ಮೇಲೆ ವಾಪಸ್ ಹಾಕಿತು. ಗಲಾಟೆ ಮಾಡಿದ್ದು ಒಳ್ಳೆಯದಾಯಿತು.

ವಿಎಸ್ ಕೋಡ್‌ದು ಜಾವಾದ್ದೇ ಕಥೆ. ಅದರ ಸೋರ್ಸ್ ಎಂಐಟಿ, ನೀವು ಇಳಿಸಿಕೊಳ್ಳುವ ಸಿದ್ಧ ಆವೃತ್ತಿಗೆ ಮೈಕ್ರೋಸಾಫ್ಟ್‌ನ ಬೇರೆ ಲೈಸೆನ್ಸ್, ಜೊತೆಗೆ ಬಳಕೆಯ ಮಾಹಿತಿ ಕಳಿಸುವ ಟೆಲಿಮೆಟ್ರಿ. ಅದೇ ಸೋರ್ಸ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಸಿಗುತ್ತದೆ. ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಮಾರುಕಟ್ಟೆಯನ್ನು ಅದು ಬಳಸುವ ಹಾಗಿಲ್ಲ, ಅದಕ್ಕೆ ಎಕ್ಲಿಪ್ಸ್ ಫೌಂಡೇಶನ್‌ನ ಓಪನ್ ವಿಎಸ್‌ಎಕ್ಸ್ ಇದೆ. ಸಿ ಶಾರ್ಪ್‌ಗೆ ಬೇಕಾದ ಮೈಕ್ರೋಸಾಫ್ಟ್ ಡೀಬಗರ್ ಕೂಡ ಅದರಲ್ಲಿ ನಡೆಯುವುದಿಲ್ಲ, ಸ್ಯಾಮ್‌ಸಂಗ್‌ನವರು ಮುಕ್ತವಾಗಿ ಬಿಟ್ಟಿರುವ ನೆಟ್‌ಕೋರ್‌ಡಿಬಿಜಿ ಹಾಕಿಕೊಳ್ಳಬೇಕು. ಜಾವಾ ಬರೆಯುವವರಿಗೆ ರೆಡ್ ಹ್ಯಾಟ್‌ನ ಜಾವಾ ಎಕ್ಸ್‌ಟೆನ್ಶನ್ ಓಪನ್ ವಿಎಸ್‌ಎಕ್ಸ್‌ನಲ್ಲೇ ಇದೆ, ತೊಂದರೆ ಇಲ್ಲ.

ಪ್ರಶ್ನೆ: ಇಷ್ಟೆಲ್ಲ ಬಿಟ್ಟಿ ಬಳಸುತ್ತೇವೆ, ವಾಪಸ್ ಏನಾದರೂ ಕೊಡಬೇಕು ಅನಿಸುತ್ತದೆ. ಸಿ ಪ್ಲಸ್ ಪ್ಲಸ್ ಬರಲ್ಲ, ಜಾವಾ ಸುಮಾರಾಗಿ ಬರುತ್ತದೆ, ಕನ್ನಡ ಚೆನ್ನಾಗಿ ಬರುತ್ತದೆ. — ಓದುಗರು, ವಿಜಯನಗರ

ಉತ್ತರ: ಕನ್ನಡ ಚೆನ್ನಾಗಿ ಬರುತ್ತದೆ ಎಂದಿರಲ್ಲ, ಅಲ್ಲಿಂದಲೇ ಶುರುಮಾಡಿ. ಜಾವಾದಲ್ಲಿ ಭಾಷೆಯನ್ನು ಕನ್ನಡಕ್ಕೆ ಇಟ್ಟು ಒಂದು ದಿನಾಂಕ ಮುದ್ರಿಸಿ. ತಿಂಗಳ ಹೆಸರು, ವಾರದ ಹೆಸರು ಕನ್ನಡದಲ್ಲಿ ಬರುತ್ತದೆ. ಅವು ಬರುವುದು ಯೂನಿಕೋಡ್ ಸಂಸ್ಥೆಯ ಸಿಎಲ್‌ಡಿಆರ್ ಎಂಬ ಭಂಡಾರದಿಂದ, ಜಾವಾ 9ರಿಂದ ಅದೇ ಮೊದಲ ಆಯ್ಕೆ. ಆಂಡ್ರಾಯ್ಡ್ ಮತ್ತು ಬ್ರೌಸರುಗಳೂ ಅದನ್ನೇ ಬಳಸುತ್ತವೆ. ಅಲ್ಲಿ ಒಂದು ಕನ್ನಡ ಪದ ತಪ್ಪಿದ್ದರೆ ಎಲ್ಲ ಕಡೆ ತಪ್ಪು, ತಿದ್ದಿದರೆ ಎಲ್ಲ ಕಡೆ ಸರಿ. ದಿನಾಂಕದ ಕ್ರಮ, ದೇಶಗಳ ಹೆಸರು, ಹಣದ ಹೆಸರು, ಲಕ್ಷ ಕೋಟಿಗಳ ಗುರುತು ಎಲ್ಲ ಅಲ್ಲಿವೆ. ಸರ್ವೇ ಟೂಲ್ ಎಂಬ ಅವರ ಸಾಧನದಲ್ಲಿ ಖಾತೆ ಕೇಳಿ ಪಡೆದು, ಅವರು ಮಾಹಿತಿ ಸಂಗ್ರಹಿಸುವ ಅವಧಿಯಲ್ಲಿ ತಿದ್ದುಪಡಿ ಸೂಚಿಸಬಹುದು, ಬೇರೆಯವರ ಸೂಚನೆಗೆ ಮತ ಹಾಕಬಹುದು. ಕನ್ನಡಕ್ಕೆ ಕನ್ನಡ ಬಲ್ಲವರೇ ಮತ ಹಾಕದಿದ್ದರೆ ಇನ್ಯಾರು ಹಾಕಬೇಕು?

ಕೋಡ್ ಕಡೆಗೂ ಬರಬೇಕೆಂದರೆ ಓಪನ್‌ಪಿಡಿಎಫ್‌ನಂಥ ಯೋಜನೆಗೆ ಕನ್ನಡದ ಪರೀಕ್ಷೆಗಳನ್ನು ಬರೆದು ಕೊಡಿ, ಮೇಲೆ ಹೇಳಿದ ಐದು ಪದಗಳೇ ಸಾಕು. ಓಪನ್‌ಜೆಡಿಕೆಗೇ ಪ್ಯಾಚ್ ಕಳಿಸುವುದಾದರೆ ಮೊದಲು ಒರಾಕಲ್‌ನ ಕಾಂಟ್ರಿಬ್ಯೂಟರ್ ಒಪ್ಪಂದಕ್ಕೆ ಸಹಿ ಹಾಕಬೇಕು, ಅದನ್ನು ಪೂರ್ತಿ ಓದಿ ಹಾಕಿ. ಒಬ್ಬರೇ ಕೂತು ಬೇಜಾರಾದರೆ ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್‌ನವರ ಭೇಟಿಗಳು ನಡೆಯುತ್ತವೆ, ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರೂ ಇದ್ದಾರೆ. ಹೋಗಿ, ನಿಮ್ಮ ಲ್ಯಾಪ್‌ಟಾಪ್ ತೆರೆದು, ಕನ್ನಡದಲ್ಲಿ ಏನು ಸರಿ ಬರುತ್ತಿಲ್ಲ ಎಂದು ತೋರಿಸಿ ಕೇಳಿ.